ನಡಿಗೆಯಲ್ಲಿ ಗೂಬೆ ಕಂಡರೆ: ಎಬ್ಬಿಸದೆ ನೋಡಿ ಬರುವ ಬಗೆ

“ಹಾಡಹಗಲೇ ಗೂಬೆ ಕಾಣಿಸಿತು. ಅದಕ್ಕೇನಾದರೂ ಆಗಿದೆಯಾ?” ಕೆರೆ ಏರಿ, ಪಾರ್ಕು, ಬೆಟ್ಟದ ಬುಡ ಅಂತ ಬೆಳಗಿನ ನಡಿಗೆಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ: ಅದು ಯಾವ ಗೂಬೆ, ನಾವೇನು ಮಾಡಬೇಕಿತ್ತು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ. ಕರ್ನಾಟಕದ ಊರು, ತೋಟ, ಬಯಲು, ಕಾಡಂಚುಗಳಲ್ಲಿ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲ ಪ್ರಶ್ನೆಯ ಉತ್ತರ ಚಿಕ್ಕದು. ಮರದ ಮೇಲೆ ಸುಮ್ಮನೆ ಕೂತಿರುವ ಗೂಬೆಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಹಗಲಲ್ಲಿ ಗೂಬೆಗೆ ಕಣ್ಣು ಕಾಣದು ಎನ್ನುವುದು ಸುಳ್ಳು, ಚೆನ್ನಾಗಿಯೇ ಕಾಣುತ್ತದೆ. ನಮ್ಮ ಊರುಗಳ ಪುಟ್ಟ ಗೂಬೆ ಹಾಲಕ್ಕಿಯಂತೂ ಚಳಿಗಾಲದ ಬೆಳಿಗ್ಗೆ ಪೊಟರೆಯ ಬಾಯಿಗೆ ಬಂದು ಬಿಸಿಲು ಕಾಯಿಸುತ್ತ ಕೂರುತ್ತದೆ. ಹಗಲಲ್ಲಿ ಗೂಬೆಗೆ ಇರುವ ತೊಂದರೆ ಕಣ್ಣಿನದಲ್ಲ, ಕಾಗೆಯದು. ಕಾಗೆ, ಕಾಜಾಣ, ಪಿಕಳಾರಗಳ ಕಣ್ಣಿಗೆ ಬಿದ್ದರೆ ಅವು ಗುಂಪು ಕಟ್ಟಿಕೊಂಡು ಬಂದು ಕೂಗಿ, ಕುಕ್ಕಿ ಓಡಿಸುತ್ತವೆ. ಹಾಗಾಗಿ ಹಗಲಿಡೀ ಯಾರಿಗೂ ಕಾಣದಂತೆ ಕೂತಿರುವುದೇ ಗೂಬೆಯ ಕೆಲಸ. ಕೂತಲ್ಲಿಂದ ಅದನ್ನು ಎಬ್ಬಿಸದೆ ನೋಡಿ ಬರುವುದು ನಿಮ್ಮ ಕೆಲಸ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಏನೇನು ಬೇಕು?

ಹೆಚ್ಚೇನೂ ಬೇಡ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. 8x42 ಎಂದು ಬರೆದಿರುವುದು ಸಾಕು. ಇದರಲ್ಲಿ 8 ಎಂದರೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲವಾದಷ್ಟೂ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ, ಗೂಬೆಗೆ ಅದೇ ಮುಖ್ಯ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ, ಪೆನ್ನು, ಫೋನು ಇರಲಿ. ಬಣ್ಣ ಬಣ್ಣದ ಟೀ ಶರ್ಟು ಬಿಟ್ಟು ಮಣ್ಣಿನ ಬಣ್ಣದ್ದೋ ಎಲೆಯ ಬಣ್ಣದ್ದೋ ಹಾಕಿಕೊಳ್ಳಿ. ಬೇಡದ್ದನ್ನೂ ಹೇಳಿಬಿಡುತ್ತೇನೆ: ಗೂಬೆಯ ಕೂಗನ್ನು ಜೋರಾಗಿ ಹಾಕಲು ಬ್ಲೂಟೂತ್ ಸ್ಪೀಕರ್ ಒಯ್ಯಬೇಡಿ, ಕಾರಣ ಆರನೇ ಹಂತದಲ್ಲಿದೆ.

1. ಗದ್ದಲ ಕೇಳಿದರೆ ನಿಲ್ಲಿ, ಗೂಬೆ ಕಂಡರೂ ನಿಲ್ಲಿ

‘ಅನಿರೀಕ್ಷಿತವಾಗಿ ಕಂಡಿತು’ ಎನ್ನುವವರಲ್ಲಿ ಅನೇಕರಿಗೆ ಅದನ್ನು ತೋರಿಸಿಕೊಟ್ಟದ್ದು ಬೇರೆ ಹಕ್ಕಿಗಳೇ. ಒಂದೇ ಮರದ ಸುತ್ತ ಪಿಕಳಾರ, ಸೂರಕ್ಕಿ, ಹರಟೆಮಲ್ಲ, ಮಟಪಕ್ಷಿ ಎಲ್ಲ ಸೇರಿ ಒಂದೇ ಸಮನೆ ಬೈಯುತ್ತಿದ್ದರೆ, ಅಳಿಲೊಂದು ಬಾಲ ಕುಣಿಸುತ್ತ ನಿಲ್ಲಿಸದೆ ಚೀರುತ್ತಿದ್ದರೆ, ಅಲ್ಲಿ ಹಾವೋ ಬೆಕ್ಕೋ ಬಿಜ್ಜು ಎಂಬ ಬೇಟೆಹಕ್ಕಿಯೋ ಗೂಬೆಯೋ ಇದೆ ಎಂದರ್ಥ. ಪಕ್ಷಿವೀಕ್ಷಕರು ಇದನ್ನು ‘ಮಾಬಿಂಗ್’ ಅನ್ನುತ್ತಾರೆ, ಅಂದರೆ ಪುಟ್ಟ ಹಕ್ಕಿಗಳು ಒಟ್ಟಾಗಿ ಬೇಟೆಗಾರನನ್ನು ಓಡಿಸುವುದು. ಎಲ್ಲ ಹಕ್ಕಿಗಳೂ ಯಾವ ಕಡೆಗೆ ಮುಖ ಮಾಡಿವೆ ನೋಡಿ. ಅವುಗಳ ನೋಟ ಕೂಡುವ ಕೊಂಬೆಯಲ್ಲೇ ಹುಡುಕಿ, ಕಾಂಡಕ್ಕೆ ಒತ್ತಿಕೊಂಡ ಜಾಗದಿಂದ ಶುರುಮಾಡಿ.

ಕಂಡ ಕೂಡಲೇ ಕಾಲು ನಿಲ್ಲಬೇಕು. ಇನ್ನು ನಾಲ್ಕು ಹೆಜ್ಜೆ ಮುಂದೆ ಹೋದರೆ ಚೆನ್ನಾಗಿ ಕಂಡೀತು ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೆರಳು ಚಾಚಿ ತೋರಿಸಬೇಡಿ, “ಗೂಬೆ! ಗೂಬೆ!” ಎಂದು ಕೂಗಬೇಡಿ. ಗುಂಪಿನಲ್ಲಿದ್ದರೆ ಹಿಂದಿನವರಿಗೆ ಅಂಗೈ ತೋರಿಸಿ ತಡೆದು, ಪಿಸುಮಾತಿನಲ್ಲಿ ಗುರುತು ಹೇಳಿ: “ಆ ಮಳೆಮರ, ಎಡಕ್ಕೆ ಚಾಚಿದ ದಪ್ಪ ಕೊಂಬೆ, ಕಾಂಡದಿಂದ ಒಂದು ಮಾರು ಆಚೆ.” ನಡಿಗೆ ನಡೆಸುವವರಿಗೆ ಒಂದು ಸಲಹೆ. ಹದಿನೈದು ಜನ ಒಟ್ಟಿಗೆ ಮರದ ಕೆಳಗೆ ಹೋಗಿ ಕತ್ತೆತ್ತಿ ನಿಲ್ಲುವುದಕ್ಕಿಂತ, ದೂರದ ಒಂದೇ ಜಾಗದಿಂದ ಇಬ್ಬಿಬ್ಬರಾಗಿ ನೋಡಿ ಹಿಂದೆ ಸರಿಯುವುದು ವಾಸಿ. ನಾಯಿ ಜೊತೆಯಲ್ಲಿದ್ದರೆ ಅದನ್ನು ಹಿಡಿದುಕೊಂಡವರು ಮುಂದೆ ಬರುವುದೇ ಬೇಡ.

2. ಅದರ ಮೈ ಏನು ಹೇಳುತ್ತಿದೆ ನೋಡಿ

ಎಷ್ಟು ಹತ್ತಿರ ಹೋಗಬಹುದು ಎಂದು ಮೀಟರಿನಲ್ಲಿ ಕೇಳುತ್ತಾರೆ. ಒಂದೇ ಉತ್ತರ ಇಲ್ಲ. ಕಬ್ಬನ್ ಪಾರ್ಕಿನ ಹಾಲಕ್ಕಿ ದಿನವೂ ಸಾವಿರ ಜನರನ್ನು ನೋಡುತ್ತದೆ, ಹತ್ತು ಮೀಟರಿಗೆ ಅದು ಕ್ಯಾರೇ ಅನ್ನಲಿಕ್ಕಿಲ್ಲ. ಕಲ್ಲುಬೆಟ್ಟದ ಕೊಂಬಿನ ಗೂಬೆ ಐವತ್ತು ಮೀಟರಿಗೇ ಎದ್ದುಹೋಗುತ್ತದೆ. ಹಾಗಾಗಿ ಅಳತೆಗಿಂತ ಗೂಬೆಯ ಮೈಯನ್ನೇ ಓದುವುದು ಕಲಿಯಿರಿ.

ಕಣ್ಣು ಮುಚ್ಚಿದೆ ಅಥವಾ ಅರೆಮುಚ್ಚಿದೆ, ಗರಿಗಳು ಸಡಿಲವಾಗಿ ಉಬ್ಬಿವೆ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಂಡಿದೆ, ಅಥವಾ ರೆಕ್ಕೆ ಕೆದರಿ ಗರಿ ತಿದ್ದಿಕೊಳ್ಳುತ್ತಿದೆ. ಇವೆಲ್ಲ ನೆಮ್ಮದಿಯ ಲಕ್ಷಣ. ನೀವು ಸರಿಯಾದ ದೂರದಲ್ಲಿದ್ದೀರಿ.

ಕಣ್ಣು ಪೂರ್ತಿ ಬಿಟ್ಟು ನಿಮ್ಮನ್ನೇ ನೋಡತೊಡಗಿದರೆ ಅಲ್ಲಿಗೆ ನಿಲ್ಲಿ. ಹಾಲಕ್ಕಿ ತಲೆಯನ್ನು ಮೇಲೆ ಕೆಳಗೆ ಕುಲುಕುತ್ತದೆ, ಅಕ್ಕಪಕ್ಕ ವಾಲಿಸುತ್ತದೆ. ಇದನ್ನು ವಿಡಿಯೊ ಮಾಡಿ ‘ಗೂಬೆಯ ಡ್ಯಾನ್ಸ್’ ಎಂದು ಹಂಚುವವರಿದ್ದಾರೆ. ಗೂಬೆಯ ಕಣ್ಣು ನಮ್ಮದರಂತೆ ಗೂಡಿನಲ್ಲಿ ತಿರುಗುವುದಿಲ್ಲ, ಕೊಳವೆಯಾಕಾರದ ಕಣ್ಣು ಎಲುಬಿನ ಬಳೆಯೊಳಗೆ ಕದಲದೆ ನಿಂತಿರುತ್ತದೆ. ಅದಕ್ಕೇ ಅದು ತಲೆಯನ್ನೇ 270 ಡಿಗ್ರಿಯವರೆಗೆ ತಿರುಗಿಸುತ್ತದೆ. ನಮಗೆ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದಕ್ಕೆ 14. ತಲೆ ಕುಲುಕುವುದು ನೀವೆಷ್ಟು ದೂರದಲ್ಲಿದ್ದೀರಿ ಎಂದು ಅಳೆಯುವುದಕ್ಕೆ. ಅಂದರೆ ನಿಮ್ಮಿಂದ ಅಪಾಯವಿದೆಯೇ ಎಂಬ ಲೆಕ್ಕಾಚಾರ ಶುರುವಾಗಿದೆ.

ಇನ್ನೊಂದು ಭಂಗಿ ತುಂಬ ಜನರನ್ನು ಮೋಸಗೊಳಿಸುತ್ತದೆ. ಕೊಂಬಿನಂಥ ಗರಿಗಳಿರುವ ಗೂಬೆ, ಅದರಲ್ಲೂ ಪುಟ್ಟ ಸ್ಕಾಪ್ಸ್ ಗೂಬೆ, ಮೈಯನ್ನು ಸೆಟೆಸಿ ಸಣಕಲಾಗಿ, ಕೊಂಬು ನೆಟ್ಟಗೆ ಮಾಡಿ, ಕಣ್ಣನ್ನು ಗೆರೆಯಷ್ಟು ಕಿರಿದು ಮಾಡಿ ಕೂರುತ್ತದೆ. ಮುರಿದ ಕೊಂಬೆಯ ತುಂಡಿನಂತೆ ಕಾಣುತ್ತದೆ. “ಪಾಪ, ನಿದ್ದೆ ಮಾಡ್ತಿದೆ” ಎಂದುಕೊಂಡು ಜನ ಇನ್ನೂ ಹತ್ತಿರ ಹೋಗುತ್ತಾರೆ. ಅದು ನಿದ್ದೆಯಲ್ಲ, ಹೆದರಿಕೆ. ಅದೇ ಕ್ಷಣ ಹಿಂದೆ ಸರಿಯಿರಿ. ಕೊಕ್ಕು ಕಟಕಟ ಎನ್ನಿಸಿದರೆ, ರೆಕ್ಕೆಯನ್ನು ಬೀಸಣಿಗೆಯಂತೆ ಹರಡಿ ಬುಸುಗುಟ್ಟಿದರೆ ಹತ್ತಿರದಲ್ಲೇ ಮರಿ ಇರಬಹುದು. ಆಗ ಫೋಟೊ, ಗುರುತು ಎಲ್ಲವನ್ನೂ ಬಿಟ್ಟು ಆ ಜಾಗದಿಂದ ಹೊರಡುವುದೇ ಸರಿ.

3. ಯಾವ ಗೂಬೆ? ಈ ಕ್ರಮದಲ್ಲಿ ನೋಡಿ

ಬಣ್ಣದಿಂದ ಶುರುಮಾಡಬೇಡಿ. ಎಲ್ಲ ಗೂಬೆಯೂ ಕಂದು, ನೆರಳಿನಲ್ಲಿ ಇನ್ನೂ ಕಂದು. ಮೊದಲು ಗಾತ್ರ, ಆಮೇಲೆ ತಲೆಯ ಮೇಲೆ ಕೊಂಬು ಇದೆಯೇ, ಆಮೇಲೆ ಕಣ್ಣಿನ ಬಣ್ಣ, ಕೊನೆಗೆ ಎದೆಯ ಮೇಲಿನ ಗುರುತು. ಈ ನಾಲ್ಕನ್ನು ಇದೇ ಸಾಲಿನಲ್ಲಿ ಪುಸ್ತಕಕ್ಕೆ ಬರೆದುಕೊಂಡರೆ ಆಮೇಲೆ ಯಾರನ್ನು ಕೇಳಿದರೂ ಹೆಸರು ಸಿಗುತ್ತದೆ. ‘ಕೊಂಬು’ ಎಂದದ್ದು ಬರೀ ಗರಿ. ಅದು ಕಿವಿಯಲ್ಲ. ನಿಜವಾದ ಕಿವಿ ಮುಖದ ಪಕ್ಕದಲ್ಲಿ ಗರಿಯೊಳಗೆ ಮುಚ್ಚಿಕೊಂಡಿರುತ್ತದೆ.

ಗೊರವಂಕದಷ್ಟು, ಅಂದರೆ ಸುಮಾರು 20 ಸೆಂಟಿಮೀಟರ್, ದುಂಡಗೆ, ಕೊಂಬಿಲ್ಲ, ಕಣ್ಣು ಹಳದಿ, ದಪ್ಪ ಬಿಳಿ ಹುಬ್ಬು, ಮೈಮೇಲೆ ಬಿಳಿ ಚುಕ್ಕಿ: ಇದು ಹಾಲಕ್ಕಿ. ಊರಿನಲ್ಲಿ ಕಂಡದ್ದು ಬಹುಮಟ್ಟಿಗೆ ಇದೇ. ಹಳೆಯ ಮಾವು, ಆಲ, ಮಳೆಮರದ ಪೊಟರೆಗಳಲ್ಲಿ, ಪಾಳುಬಿದ್ದ ಗೋಡೆಯ ಸಂದುಗಳಲ್ಲಿ ಜೋಡಿಯಾಗಿ ಇರುತ್ತದೆ. ಬುಡುಬುಡಿಕೆಯವರು ಶಕುನ ಹೇಳುವುದು ಈ ಹಕ್ಕಿಯ ಹೆಸರಿನಲ್ಲೇ. ಅದೇ ಗಾತ್ರ, ಆದರೆ ಚುಕ್ಕಿಯ ಬದಲು ಮೈತುಂಬ ಒತ್ತೊತ್ತಾದ ಅಡ್ಡಪಟ್ಟೆ, ಜಾಗವೂ ಮಲೆನಾಡಿನದೋ ಬಂಡೀಪುರ, ನಾಗರಹೊಳೆಯಂಥ ಕಾಡಿನದೋ ಆದರೆ ಅದು ಜಂಗಲ್ ಔಲೆಟ್ ಎಂಬ ಕಾಡಿನ ಪುಟ್ಟ ಗೂಬೆ. ಹಗಲಲ್ಲೂ ಕೂಗುತ್ತದೆ, ಹಗಲಲ್ಲೂ ಬೇಟೆಯಾಡುತ್ತದೆ. ಅದನ್ನು ಹಗಲಲ್ಲಿ ಕಂಡದ್ದಕ್ಕೆ ಚಿಂತೆ ಬೇಡವೇ ಬೇಡ.

ಇವುಗಳಷ್ಟೇ ಅಥವಾ ತುಸು ದೊಡ್ಡದು, ಕೊಂಬಿದೆ, ಮೈ ಮರದ ತೊಗಟೆಯಂತೆ: ಸ್ಕಾಪ್ಸ್ ಗೂಬೆ. ಇದರಲ್ಲಿ ಒಂದೆರಡು ಜಾತಿಗಳಿವೆ. ಕಣ್ಣು ಕಂದಾದರೆ ಇಂಡಿಯನ್ ಸ್ಕಾಪ್ಸ್, ಚಿನ್ನದ ಹಳದಿಯಾದರೆ ಓರಿಯೆಂಟಲ್ ಸ್ಕಾಪ್ಸ್ ಇರಬಹುದು. ಫೋಟೊ ನೋಡಿಯೂ ಅನುಭವಿಗಳು ತಲೆ ಕೆರೆದುಕೊಳ್ಳುವ ಜೋಡಿ ಇದು. ಬರೀ ‘ಸ್ಕಾಪ್ಸ್’ ಎಂದು ಬರೆದುಕೊಂಡರೆ ಅವಮಾನವೇನಿಲ್ಲ.

ಕಾಗೆಗಿಂತ ಸ್ವಲ್ಪ ಚಿಕ್ಕದು, ಬಿಳಿ ಮುಖ ಹೃದಯದ ಆಕಾರ, ಕಣ್ಣು ಕಪ್ಪು, ಬೆನ್ನು ಹೊಂಬಣ್ಣ: ಕಣಜ ಗೂಬೆ. ಇದನ್ನು ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳಲು ಸಾಧ್ಯವಿಲ್ಲ. ಗೋಪುರ, ಗೋದಾಮು, ಬಾವಿಯ ಒಳಗೋಡೆ, ಈಗ ಅಪಾರ್ಟ್‌ಮೆಂಟಿನ ಡಕ್ಟುಗಳು ಇದರ ಮನೆ. ಮುಖದ ತಟ್ಟೆ ಸದ್ದನ್ನು ಹಿಡಿದು ಕಿವಿಗೆ ಕಳಿಸುತ್ತದೆ, ಎರಡು ಕಿವಿಗಳು ಒಂದು ಮೇಲೆ ಒಂದು ಕೆಳಗೆ ಇರುವುದರಿಂದ ಕಗ್ಗತ್ತಲಲ್ಲೂ ಬರೀ ಸದ್ದಿನ ಮೇಲೆ ಇಲಿ ಹಿಡಿಯಬಲ್ಲುದು.

ಇನ್ನು ದೊಡ್ಡವು. ಅರ್ಧ ಮೀಟರಿಗೂ ಮೇಲೆ, ಹದ್ದಿಗಿಂತ ತುಸು ಗಿಡ್ಡ ಆದರೆ ಬಲು ದಪ್ಪ, ನೆಟ್ಟಗಿನ ಕೊಂಬು, ಕಿತ್ತಳೆ ಕಣ್ಣು, ಕಾಲ್ಬೆರಳತನಕ ಗರಿ: ಕೊಂಬಿನ ಗೂಬೆ. ಕಲ್ಲುಬಂಡೆ, ಕುರುಚಲು, ಹಳೆಯ ಕ್ವಾರಿ, ಕೊರಕಲು ಇರುವ ಕಡೆ ನೋಡಿ. ಹಂಪಿ, ದರೋಜಿ, ರಾಮನಗರದ ಬೆಟ್ಟಗಳು ಇದರ ಸೀಮೆಯೇ. ಗೂಡು ಕಟ್ಟುವುದಿಲ್ಲ, ಬಂಡೆಯ ಅಂಚಿನಲ್ಲಿ ನೆಲದ ಮೇಲೇ ಮೊಟ್ಟೆಯಿಡುತ್ತದೆ. ನವೆಂಬರಿನಿಂದ ಏಪ್ರಿಲ್ ತನಕ ಇಂಥ ಬೆಟ್ಟಗಳಲ್ಲಿ ದಾರಿ ಬಿಟ್ಟು ಬಂಡೆಯ ಅಂಚಿಗೆ ಇಣುಕದಿರುವುದು ಅದಕ್ಕೂ ಒಳ್ಳೆಯದು, ಚಿರತೆ ಕರಡಿ ಇರುವ ಜಾಗದಲ್ಲಿ ನಿಮಗೂ ಒಳ್ಳೆಯದು. ಇದರಷ್ಟೇ ದೊಡ್ಡದು, ಆದರೆ ಕಣ್ಣು ಹಳದಿ, ಕೊಂಬು ಪಕ್ಕಕ್ಕೆ ಬಾಗಿದೆ, ಕಾಲು ಬೋಳು, ಹತ್ತಿರದಲ್ಲೇ ಹೊಳೆ ಇದೆ: ಮೀನುಗೂಬೆ. ಒದ್ದೆ ಮೀನು, ಏಡಿ ಹಿಡಿಯುವ ಕಾಲಿಗೆ ಗರಿ ಇದ್ದರೆ ತೊಂದರೆ ತಾನೆ.

ದೊಡ್ಡದು, ಕೊಂಬಿಲ್ಲ, ಕಣ್ಣು ಕಪ್ಪು, ಮುಖದ ಸುತ್ತ ಬಳೆ ಬಳೆಯಾದ ಗೆರೆ, ಹಳೆಯ ಮಾವಿನ ತೋಪು ಅಥವಾ ಆಲದ ಮರ: ಮಾಟ್ಲ್ಡ್ ವುಡ್ ಔಲ್. ಬಯಲುಸೀಮೆಯಲ್ಲಿ ದೊಡ್ಡ ತೋಪುಗಳು ಉಳಿದ ಕಡೆ ಇದೂ ಉಳಿದಿದೆ. ಚಳಿಗಾಲದಲ್ಲಿ ಹೆಸರಘಟ್ಟದಂಥ ಹುಲ್ಲುಗಾವಲಿನಲ್ಲಿ ನಿಮ್ಮ ಕಾಲಬುಡದಿಂದಲೇ ಗೂಬೆ ಎದ್ದು, ಉದ್ದ ರೆಕ್ಕೆ ಬೀಸುತ್ತ ಹಾರಿ ಮತ್ತೆ ನೆಲಕ್ಕೇ ಇಳಿದರೆ ಅದು ಶಾರ್ಟ್-ಈಯರ್ಡ್ ಔಲ್ ಇರಬಹುದು. ಉತ್ತರದಿಂದ ವಲಸೆ ಬರುವ ಹಕ್ಕಿ, ಹಗಲು ಹುಲ್ಲಿನ ಮರೆಯಲ್ಲಿ ನೆಲದ ಮೇಲೇ ಕಳೆಯುತ್ತದೆ. ಮತ್ತೆ ಇಳಿದ ಜಾಗಕ್ಕೆ ಹಿಂಬಾಲಿಸಿ ಹೋಗಬೇಡಿ.

ಗೂಬೆಯಲ್ಲದ ಎರಡು ಹಕ್ಕಿಗಳ ಬಗ್ಗೆಯೂ ಎಚ್ಚರವಿರಲಿ. ಸಂಜೆ ಮಣ್ಣುರಸ್ತೆಯ ಮೇಲೆ ಕೂತು ಕಾರಿನ ಬೆಳಕಿಗೆ ಕಣ್ಣು ಕೆಂಪಗೆ ಹೊಳೆಯುವುದು ನತ್ತಿಂಗ. ಪಶ್ಚಿಮ ಘಟ್ಟದ ಬಿದಿರುಮೆಳೆಯಲ್ಲಿ ಒಣಗಿದ ಎಲೆಯಂತೆ ಜೋಡಿಯಾಗಿ ಅಂಟಿಕೊಂಡು ಕೂರುವುದು ಕಪ್ಪೆಬಾಯಿ. ಎರಡಕ್ಕೂ ಗೂಬೆಯ ಕೊಕ್ಕಿ ಉಗುರು ಇಲ್ಲ.

4. ಫೋಟೊ

ಗುರುತಿಗೆ ಒಂದು, ಆಸೆಗೆ ಎರಡು. ಅಷ್ಟು ಸಾಕು. ಮುಖ ಕಾಣುವಂತೆ ಒಂದು, ಸುತ್ತಲ ಮರವೂ ಸೇರುವಂತೆ ಒಂದು ಇದ್ದರೆ ಜಾತಿ ಹೇಳುವವರಿಗೆ ಅನುಕೂಲ. ಫೋನಿನಲ್ಲಾದರೆ ಬೈನಾಕ್ಯುಲರಿನ ಒಂದು ಕಣ್ಣಿಗೆ ಕ್ಯಾಮೆರಾವನ್ನು ಹಿಡಿದು ತೆಗೆದರೂ ಗುರುತಿಗೆ ಸಾಲುವಷ್ಟು ಬರುತ್ತದೆ.

ಫ್ಲಾಶ್ ಬೇಡ. ಆಟೋ ಫ್ಲಾಶ್ ಆನ್ ಆಗಿದೆಯೇ ಎಂದು ಮನೆಯಿಂದ ಹೊರಡುವಾಗಲೇ ನೋಡಿಕೊಳ್ಳಿ. ಮಬ್ಬಿನಲ್ಲಿ ಅದು ತಾನಾಗಿಯೇ ಹೊಡೆದುಬಿಡುತ್ತದೆ. ಕತ್ತಲಿಗೆ ಹಿಗ್ಗಿದ ಕಣ್ಣಿಗೆ ದಿಢೀರ್ ಬೆಳಕು ಬಿದ್ದರೆ ಕೆಲಹೊತ್ತು ದಾರಿ ಕಾಣದೆ ಹೋದೀತು. ಟಾರ್ಚನ್ನು ಮುಖಕ್ಕೆ ಹಿಡಿಯಬಾರದು ಎಂಬುದಕ್ಕೂ ಇದೇ ಕಾರಣ. ಕಣ್ಣು ಬಿಡಲಿ ಎಂದು ಚಪ್ಪಾಳೆ ತಟ್ಟುವುದು, ಸಿಳ್ಳೆ ಹಾಕುವುದು, ಕಲ್ಲು ಎಸೆಯುವುದು, ಅಡ್ಡ ಬಂದ ಎಲೆ ಕೊಂಬೆ ಕಡಿಯುವುದು ಇವೆಲ್ಲ ನಡೆಯುತ್ತಲೇ ಇವೆ. ಆ ಎಲೆ ಅಲ್ಲಿರುವುದರಿಂದಲೇ ಗೂಬೆ ಅಲ್ಲಿ ಕೂತಿದೆ. ಅದನ್ನು ಕಡಿದರೆ ನಿಮ್ಮ ಫೋಟೊಗೆ ಸಿಕ್ಕ ಹಾಗೇ ಕಾಗೆಗೂ ಸಿಗುತ್ತದೆ.

5. ಮರದ ಬುಡ ನೋಡಿ, ಆದರೆ ಆಮೇಲೆ

ಗೂಬೆ ಇದ್ದಾಗ ಬುಡಕ್ಕೆ ಹೋಗಬೇಡಿ. ಅದು ಅಲ್ಲಿ ದಿನವೂ ಕೂರುತ್ತದೆಯೇ ಎಂದು ತಿಳಿಯಲು ದೂರದಿಂದಲೇ ಬೈನಾಕ್ಯುಲರಿನಲ್ಲಿ ನೆಲ ನೋಡಿ. ಕೊಂಬೆಯ ಮೇಲೆ, ಕೆಳಗಿನ ಎಲೆಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ ಇದ್ದರೆ ಅದು ದಿನದ ತಂಗುದಾಣ. ಹಕ್ಕಿ ಹೊರಟ ಮೇಲೆ, ಇನ್ನೊಂದು ದಿನ, ಬುಡದಲ್ಲಿ ಹುಡುಕಿದರೆ ಹೆಬ್ಬೆರಳು ಗಾತ್ರದ ಬೂದು ಉಂಡೆಗಳು ಸಿಗಬಹುದು. ಇವನ್ನು ‘ಪೆಲೆಟ್’ ಅನ್ನುತ್ತಾರೆ. ಹಿಕ್ಕೆಯಲ್ಲ ಇದು. ಇಲಿಯನ್ನು ಇಡಿಯಾಗಿ ನುಂಗಿದ ಗೂಬೆ ಕರಗದ ಮೂಳೆ, ಕೂದಲನ್ನು ಉಂಡೆ ಕಟ್ಟಿ ಬಾಯಿಂದ ಹೊರಹಾಕುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಒಂದನ್ನು ಒಣಗಿಸಿ ಕಡ್ಡಿಯಿಂದ ಬಿಡಿಸಿದರೆ ಇಲಿಯ ದವಡೆ, ಹಲ್ಲು, ಕೆಲವೊಮ್ಮೆ ಜೀರುಂಡೆಯ ರೆಕ್ಕೆ ಸಿಗುತ್ತವೆ. ಮಕ್ಕಳ ಜೊತೆ ಮಾಡಲು ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಗೊತ್ತಿಲ್ಲ. ಕೈ ತೊಳೆಸುವುದು ಮರೆಯಬೇಡಿ.

6. ಕೇಳಿಸಿಕೊಳ್ಳಿ, ಕೂಗಿಸಬೇಡಿ

ಸಂಜೆ ಅದೇ ಜಾಗಕ್ಕೆ ಹೋದರೆ ಹೆಸರು ಕಿವಿಯಿಂದಲೇ ಖಚಿತವಾಗುತ್ತದೆ. ಹಾಲಕ್ಕಿಯದು ಚಿರ್ರ್ ಚಿರ್ರ್, ಚಿವಕ್ ಚಿವಕ್ ಎಂಬ ಜಗಳದ ದನಿ. ಇಂಡಿಯನ್ ಸ್ಕಾಪ್ಸ್ ಕಪ್ಪೆಯಂತೆ ‘ವಟ್?’ ಎಂದು ಒಂದೇ ಸ್ವರ, ನಡುವೆ ಬಿಡುವು ಕೊಟ್ಟು, ಗಂಟೆಗಟ್ಟಲೆ. ಕೊಂಬಿನ ಗೂಬೆ ‘ಬು-ಬೂ’ ಎಂದು ಎರಡೇ ಸ್ವರ, ಬೆಟ್ಟ ಇಡೀ ಕೇಳುವಂತೆ. ಕಣಜ ಗೂಬೆಯದು ಕೀರಲು ಚೀತ್ಕಾರ, ಮರಿಗಳಿದ್ದರೆ ರಾತ್ರಿಯಿಡೀ ಬುಸುಗುಟ್ಟುವ ಸದ್ದು. ‘ಡಕ್ಟಿನೊಳಗೆ ಹಾವಿದೆ’ ಎಂಬ ದೂರುಗಳಲ್ಲಿ ಕೆಲವು ಇವೇ. ಮಾಟ್ಲ್ಡ್ ವುಡ್ ಔಲ್ ನಡುಗುವ ದನಿಯಲ್ಲಿ ‘ಚುಹುವಾ…’ ಎಂದು ಎಳೆಯುತ್ತದೆ. ತೋಪಿನಲ್ಲಿ ದೆವ್ವ ಕೂಗಿತು ಎನ್ನುವವರನ್ನು ನಾನು ದೂರುವುದಿಲ್ಲ. ‘ಊ-ಉಕ್, ಊ-ಉಕ್’ ಎಂದು ಎರಡು ತುಂಡಾಗಿ ಒಂದೇ ಲಯದಲ್ಲಿ ಬಂದರೆ, ಬಿಜ್ಜುವಿನಂಥ ತಲೆ, ಉದ್ದ ಬಾಲದ ಬ್ರೌನ್ ಹಾಕ್ ಔಲ್. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಬಳಸಿ ರೆಕಾರ್ಡ್ ಮಾಡಿ ಕೇಳಬಹುದು. ಅದು ಹೇಳಿದ್ದನ್ನೇ ವೇದವಾಕ್ಯ ಮಾಡಿಕೊಳ್ಳದೆ ಗಾತ್ರ, ಜಾಗದ ಜೊತೆ ತಾಳೆ ನೋಡಿ.

ಆದರೆ ರೆಕಾರ್ಡ್ ಮಾಡಿದ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಅದನ್ನು ಹೊರಗೆ ಕರೆಯುವುದಿದೆಯಲ್ಲ, ‘ಪ್ಲೇಬ್ಯಾಕ್’ ಅಂತ, ಅದನ್ನು ಮಾಡಬೇಡಿ. ತನ್ನ ಸೀಮೆಗೆ ಇನ್ನೊಂದು ಗಂಡು ನುಗ್ಗಿತು ಎಂದುಕೊಂಡು ಅದು ಬೇಟೆ ಬಿಟ್ಟು, ಮೊಟ್ಟೆ ಬಿಟ್ಟು ಬರುತ್ತದೆ. ಇಲ್ಲದ ಶತ್ರುವನ್ನು ಹುಡುಕಿ ಸುಸ್ತಾಗುತ್ತದೆ. ಮೀಸಲು ಅರಣ್ಯದೊಳಗೆ ರಾತ್ರಿ ಹೋಗಲು ಇಲಾಖೆಯ ಅನುಮತಿ ಬೇಕು ಎಂಬುದೂ ನೆನಪಿರಲಿ.

7. ಬರೆದಿಡಿ, ಜಾಗ ಮುಚ್ಚಿಡಿ

ದಿನ, ಹೊತ್ತು, ಮರ, ಗಾತ್ರ, ಕಣ್ಣು, ಏನು ಮಾಡುತ್ತಿತ್ತು. ಮನೆಗೆ ಬಂದು, ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಇ-ಬರ್ಡ್‌ನಲ್ಲೋ ಐನ್ಯಾಚುರಲಿಸ್ಟ್‌ನಲ್ಲೋ ಹಾಕಿದರೆ ನಾಳೆ ಆ ತೋಪಿಗೆ ಕೊಡಲಿ ಬಿದ್ದಾಗ ‘ಇಲ್ಲಿ ಗೂಬೆ ಇತ್ತು’ ಎನ್ನಲು ದಾಖಲೆ ಇರುತ್ತದೆ. ಆದರೆ ಇ-ಬರ್ಡ್‌ನಲ್ಲಿ ಪಟ್ಟಿಯನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡಬಹುದು, ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ಗೂಡು ಅಥವಾ ದಿನದ ತಂಗುದಾಣ ಆದರೆ ಇವನ್ನು ಬಳಸಿ.

ವಾಟ್ಸ್‌ಆ್ಯಪ್ ಗುಂಪಿಗೆ ಲೊಕೇಶನ್ ಹಾಕುವುದಂತೂ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ಇಪ್ಪತ್ತು ಲೆನ್ಸುಗಳು ಬಂದು ನಿಲ್ಲುತ್ತವೆ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಘೋರ. ಮಾಟ, ಮಂತ್ರ, ಔಷಧಿ, ನಿಧಿ ಎಂಬ ಹೆಸರಿನಲ್ಲಿ ಗೂಬೆಗಳನ್ನು ಹಿಡಿದು ಮಾರುವ ಜಾಲವಿದೆ. ದೀಪಾವಳಿ ಹೊತ್ತಿಗೆ ಇದು ಏರುತ್ತದೆ. ವನ್ಯಜೀವಿ ಮಾರಾಟದ ಮೇಲೆ ಕಣ್ಣಿಡುವ ಸಂಸ್ಥೆ ಟ್ರಾಫಿಕ್ ಇಂಡಿಯಾ 2010ರಲ್ಲಿ ಪ್ರಕಟಿಸಿದ ಅಧ್ಯಯನ, ಭಾರತದ 30 ಗೂಬೆ ಜಾತಿಗಳಲ್ಲಿ 15 ಜೀವಂತವಾಗಿ ಮಾರಾಟವಾಗುತ್ತಿದ್ದುದನ್ನು ದಾಖಲಿಸಿತು. ದೊಡ್ಡ ಗಾತ್ರದ, ಕೊಂಬಿರುವ ಗೂಬೆಗೆ ಬೇಡಿಕೆ ಹೆಚ್ಚು. ನಿಮ್ಮ ಫೋಟೊದ ಜೊತೆ ಊರು, ಬೆಟ್ಟದ ಹೆಸರು ಹೋದರೆ ಅವರಿಗೆ ನೀವೇ ದಾರಿ ತೋರಿಸಿದ ಹಾಗೆ. ಜಿಲ್ಲೆಯ ಹೆಸರು ಹಾಕಿ ಸುಮ್ಮನಾಗಿ.

ಊರಿನವರು “ಗೂಬೆ ಕೂತರೆ ಮನೆಗೆ ಕೇಡು, ಓಡಿಸಿ” ಎಂದರೆ ವಾದಕ್ಕಿಳಿಯುವುದಕ್ಕಿಂತ ಇಲಿಯ ಮಾತು ತೆಗೆಯಿರಿ. ರಾಗಿ ಕಣಜ, ಭತ್ತದ ಗದ್ದೆ, ತೆಂಗಿನ ತೋಟ ಇರುವವರಿಗೆ ಇಲಿಯ ನಷ್ಟ ಚೆನ್ನಾಗಿ ಗೊತ್ತು. ಹಾಗೆಯೇ ಇಲಿ ಪಾಷಾಣ ಇಟ್ಟರೆ ಅದನ್ನು ತಿಂದ ಇಲಿಯಿಂದ ಗೂಬೆಯೂ ಸಾಯುತ್ತದೆ ಎಂದೂ ಹೇಳಿ.

8. ನೆಲದ ಮೇಲೆ ಸಿಕ್ಕರೆ

ಇಲ್ಲಿ ಮಾತ್ರ ಏನಾದರೂ ಮಾಡಬೇಕಾಗಬಹುದು. ಆದರೆ ಮೊದಲು ದೂರದಲ್ಲಿ ನಿಂತು, ಮರಿಯೋ ದೊಡ್ಡದೋ ನೋಡಿ.

ಮೈಮೇಲೆ ಹತ್ತಿಯಂಥ ತುಪ್ಪಳ ಇನ್ನೂ ಉಳಿದಿದೆ, ಬಾಲ ಮೊಟಕು, ಕಣ್ಣು ಚುರುಕಾಗಿದೆ, ನಿಮ್ಮನ್ನು ನೋಡಿ ಕೊಕ್ಕು ಕಟಕಟ ಎನ್ನಿಸುತ್ತದೆ: ಇದು ಹಾರಲು ಕಲಿಯುತ್ತಿರುವ ಮರಿ. ಗೂಬೆಯ ಮರಿಗಳು ಪೂರ್ತಿ ಹಾರಲು ಬರುವ ಮೊದಲೇ ಪೊಟರೆ ಬಿಟ್ಟು ಕೊಂಬೆಗೆ ಬರುವುದುಂಟು, ಕೆಲವೊಮ್ಮೆ ಜಾರಿ ಬೀಳುತ್ತವೆ. ಫೆಬ್ರುವರಿಯಿಂದ ಏಪ್ರಿಲ್ ತನಕ ಸಹಾಯ ಕೇಳಿ ಬರುವ ಕರೆಗಳಲ್ಲಿ ಇವು ಹೆಚ್ಚು. ತಂದೆತಾಯಿ ಹತ್ತಿರದಲ್ಲೇ ಇರುತ್ತವೆ, ಕತ್ತಲಾದ ಮೇಲೆ ಬಂದು ತಿನ್ನಿಸುತ್ತವೆ. ಆದ್ದರಿಂದ ಮನೆಗೆ ತರಬೇಡಿ. ನಾಯಿ, ಬೆಕ್ಕು, ಗಾಡಿಗಳ ಭಯವಿದ್ದರೆ ದಪ್ಪ ಟವೆಲಿನಲ್ಲಿ ಹಿಡಿದು ಅದೇ ಮರದ, ಕೈಗೆಟುಕುವ ಎತ್ತರದ ಕೊಂಬೆಯ ಮೇಲೆ ಬಿಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಬಿಟ್ಟ ಮೇಲೆ ದೂರ ಹೋಗಿ. ನೀವು ಕಾವಲು ನಿಂತರೆ ತಾಯಿ ಇಳಿಯುವುದಿಲ್ಲ. ಮೈಮೇಲೆ ಗರಿಯೇ ಬಂದಿಲ್ಲ, ಕಣ್ಣು ಬಿಟ್ಟಿಲ್ಲ ಎಂದರೆ, ಅಥವಾ ಮರವನ್ನೇ ಕಡಿದಿದ್ದರೆ, ಸಹಾಯ ಕರೆಯಬೇಕು.

ದೊಡ್ಡ ಹಕ್ಕಿ ನೆಲದಲ್ಲಿ ಕೂತು, ಹತ್ತಿರ ಹೋದರೂ ಹಾರದಿದ್ದರೆ, ಒಂದು ರೆಕ್ಕೆ ಜೋತಿದ್ದರೆ, ರಕ್ತ ಇದ್ದರೆ, ತಲೆ ಒಂದು ಕಡೆಗೆ ವಾಲಿದ್ದರೆ ಅದಕ್ಕೆ ಪೆಟ್ಟಾಗಿದೆ. ಹೆದ್ದಾರಿಯ ವಾಹನ, ಕಾಗೆಗಳ ದಾಳಿ, ಗಾಳಿಪಟದ ಮಾಂಜಾ ಸಾಮಾನ್ಯ ಕಾರಣಗಳು. ಆಗ ಹೀಗೆ ಮಾಡಿ:

ಕಾಲಿನ ಬಗ್ಗೆ ಜಾಗ್ರತೆ, ಕೊಕ್ಕಿಗಿಂತ ಉಗುರು ಅಪಾಯ. ಹಿಂದಿನಿಂದ ದಪ್ಪ ಬಟ್ಟೆ ಮುಚ್ಚಿ, ರೆಕ್ಕೆ ಮೈಗೆ ಒತ್ತುವಂತೆ ಎತ್ತಿ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ, ಕೆಳಗೆ ಬಟ್ಟೆ ಹಾಸಿ ಇಡಿ. ತಂತಿಯ ಪಂಜರ ಬೇಡ, ಗರಿ ಮುರಿಯುತ್ತದೆ. ಡಬ್ಬ ಮುಚ್ಚಿ ಕತ್ತಲೆಯ, ಸದ್ದಿಲ್ಲದ ಜಾಗದಲ್ಲಿ ಇಡಿ. ಪದೇ ಪದೇ ತೆರೆದು ನೋಡಬೇಡಿ.

ಹಾಲು, ಅನ್ನ, ಬ್ರೆಡ್, ಬಾಳೆಹಣ್ಣು ಏನನ್ನೂ ಕೊಡಬೇಡಿ. ಬಾಯಿಗೆ ನೀರು ಹನಿಸಬೇಡಿ, ಅದು ಶ್ವಾಸಕ್ಕೆ ಹೋಗಿ ಹಕ್ಕಿ ಅಲ್ಲೇ ಸಾಯಬಹುದು. ಕರುಣೆಯಿಂದ ಆಗುವ ಅನಾಹುತಗಳಲ್ಲಿ ಇದು ಮೊದಲನೆಯದು.

ಮಾಂಜಾ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಮರದ ಕಡೆಯ ದಾರವನ್ನು ಕತ್ತರಿಸಿ, ರೆಕ್ಕೆಗೆ ಸುತ್ತಿದ್ದನ್ನು ಹಾಗೇ ಬಿಟ್ಟು ಕಳಿಸಿ. ಬಿಡಿಸುವುದು ವೈದ್ಯರ ಕೆಲಸ. ಎತ್ತರದಲ್ಲಿ ಸಿಕ್ಕಿಕೊಂಡಿದ್ದರೆ ಹತ್ತಲು ಹೋಗದೆ, ಎಷ್ಟು ಎತ್ತರ ಎಂಬುದನ್ನು ಸಹಾಯವಾಣಿಗೆ ತಿಳಿಸಿ.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬೆಂಗಳೂರಿನಲ್ಲಾದರೆ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ, ಹಕ್ಕಿ ಹಾಗೂ ಸರೀಸೃಪಗಳಿಗಾಗಿಯೇ ಇರುವ ಎಆರ್‌ಆರ್‌ಸಿ ಕೇಂದ್ರ ಇವೆ. ಸಿಕ್ಕ ಜಾಗವನ್ನು ಸರಿಯಾಗಿ ಬರೆದುಕೊಡಿ. ಗುಣವಾದ ಮೇಲೆ ಅಲ್ಲೇ ಬಿಡಬೇಕಲ್ಲ.

ಕಾನೂನಿನ ಮಾತು ಚುಟುಕಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆಗಳನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಮೊಟ್ಟೆ, ಗೂಡನ್ನು ಕೆಡಿಸುವುದೂ ‘ಬೇಟೆ’ ಎಂಬ ಲೆಕ್ಕಕ್ಕೇ ಬರುತ್ತದೆ. ಗಾಯಗೊಂಡ ಹಕ್ಕಿಯನ್ನು ಸಹಾಯಕ್ಕೆಂದೇ ಎತ್ತಿಕೊಂಡಿದ್ದರೂ 48 ಗಂಟೆಯೊಳಗೆ ಅರಣ್ಯಾಧಿಕಾರಿಗೋ ಪೊಲೀಸ್ ಠಾಣೆಗೋ ತಿಳಿಸಲೇಬೇಕು. ‘ಎರಡು ವಾರ ಸಾಕಿ ಬಿಡುತ್ತೇನೆ’ ಎಂಬ ಆಲೋಚನೆ ಬಿಡಿ.

9. ಹೊರಡುವಾಗ

ಬಂದ ದಾರಿಯಲ್ಲೇ, ಬೆನ್ನು ತಿರುಗಿಸಿ ಓಡದೆ, ನಿಧಾನವಾಗಿ ಹಿಂದೆ ಸರಿಯಿರಿ. ಗೂಬೆಯ ಕೆಳಗೆ ಹಾದು ಆಚೆ ಹೋಗುವ ದಾರಿಯಿದ್ದರೆ ಸುತ್ತು ಬಳಸಿ. ದಾರಿಯಲ್ಲಿ ಸಿಕ್ಕವರಿಗೆಲ್ಲ “ಅಲ್ಲೊಂದು ಗೂಬೆ ಇದೆ, ಹೋಗಿ ನೋಡಿ” ಎನ್ನಬೇಕೆಂದಿಲ್ಲ. ಮರುದಿನವೂ ನೋಡುವ ಆಸೆ ಇದ್ದರೆ ಬೇರೆ ಹೊತ್ತಿನಲ್ಲಿ, ಅದೇ ದೂರದಿಂದ. ದಿನವೂ ಹೋಗಬೇಡಿ.

ಕೊನೆಗೆ, ನಡಿಗೆಯಲ್ಲಲ್ಲದೆ ಮನೆಯಲ್ಲೇ ಗೂಬೆ ಎದುರಾದವರಿಗೆ. ಡಕ್ಟಿನಲ್ಲೋ ಅಟ್ಟದಲ್ಲೋ ಕಣಜ ಗೂಬೆ ಸಂಸಾರ ಹೂಡಿದ್ದರೆ, ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವ ತನಕ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಮರಿಗಳು ಒಂದೇ ದಿನ ಹುಟ್ಟುವುದಿಲ್ಲ, ದೊಡ್ಡದು ಹಾರಿಹೋದ ಮೇಲೂ ಚಿಕ್ಕದು ಒಳಗೇ ಇರುತ್ತದೆ. ಹಾಗಾಗಿ ಎರಡು ರಾತ್ರಿ ಬುಸುಗುಟ್ಟುವ ಸದ್ದು ನಿಂತ ಮಾತ್ರಕ್ಕೆ ಬಲೆ ಹೊಡೆಸಬೇಡಿ. ಒಂದು ವಾರ ಕಾದು, ಒಳಗೆ ಏನೂ ಉಳಿದಿಲ್ಲ ಎಂದು ಯಾರಾದರೂ ಹತ್ತಿ ಕಣ್ಣಾರೆ ನೋಡಿದ ಮೇಲೆ ಹೊಡೆಸಿ.